ಸಮಾಧಿಯ ಮುಂದೆ ಕರ್ತನ ಸಿಟ್ಟು

ಸಂತರಿಗೆ ಸಿಟ್ಟೇ ಬರುವುದಿಲ್ಲ ಎನ್ನುವವರು ಸಂತರೊಡನೆ ಒಂದು ದಿನವೂ ಬಾಳಿದವರಲ್ಲ. ಪೂಜ್ಯ ಸೀಲಯ್ಯನವರಿಗೆ ಬರುತ್ತಿತ್ತು, ಬಂದರೆ ಕೇರಿಗೇ ಕೇಳಿಸುತ್ತಿತ್ತು. ಮೂವತ್ತು ವರ್ಷ ಬೋಧಕರಾಗುವವರಿಗೆ ಗ್ರೀಕ್ ಭಾಷೆ ಕಲಿಸಿದ ಆ ಮಹನೀಯರು ಮುಪ್ಪಿನಲ್ಲಿ ಮಲಪ್ರಭೆಯ ಸೀಮೆಯ ನೇಕಾರರ ಊರೊಂದರ ಕ್ರೈಸ್ತ ಕೇರಿಗೆ ಬಂದು, ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ನೀರಿನ ಗಡಿಗೆ, ಹೊಲಿಗೆ ಬಿಚ್ಚಿದ ಗ್ರೀಕ್ ಹೊಸ ಒಡಂಬಡಿಕೆ, ಇಷ್ಟೇ ಅವರ ಆಸ್ತಿ.

ಒಂದು ಮುಂಜಾನೆ ಅಯ್ಯನವರು ಮಜ್ಜಿಗೆಗೆ ರೊಟ್ಟಿ ಮುರಿದು ಹಾಕಿಕೊಳ್ಳುತ್ತಿದ್ದಾಗ ಬಡಗಿ ಎಜ್ರಪ್ಪ ಚಪ್ಪಲಿ ಮೆಟ್ಟಿಕೊಂಡೇ ಒಳನುಗ್ಗಿದ. ಕೈಯಲ್ಲಿದ್ದ ಸತ್ಯವೇದವನ್ನು ಅವರ ಮುಂದೆ ಧೊಪ್ಪನೆ ಹಾಕಿದ.

"ತಗೋರಿ ನಿಮ್ಮ ಪುಸ್ತಕ. ನೀವ ಕೊಟ್ಟದ್ದು, ನೀವ ಇಟ್ಕೋರಿ. ನನಗ ಸಾಕಾತು."

ಅವನ ಸಿಟ್ಟಿಗೆ ಕಾರಣವಿತ್ತು. ಕೇರಿಯ ಕ್ರೈಸ್ತ ಸಭೆಯಲ್ಲಿ ಇಪ್ಪತ್ತು ವರ್ಷದಿಂದ ಯಾರೇ ಸತ್ತರೂ ಶವದ ಪೆಟ್ಟಿಗೆ ಮಾಡುವವನು ಎಜ್ರಪ್ಪ. ಹಗ್ಗ ಹಿಡಿದು ಕುಣಿಗೆ ಇಳಿಸುವವನೂ ಅವನೇ. ಒಂದೂವರೆ ತಿಂಗಳ ಹಿಂದೆ ಅವನು ತನ್ನ ಒಬ್ಬಳೇ ಮಗಳು, ಒಂಬತ್ತು ವರ್ಷದ ಸುನೀತಿಗೆ ಪೆಟ್ಟಿಗೆ ಮಾಡಿದ್ದ. ಗಂಟಲು ಕಟ್ಟಿ, ಮೂರು ದಿನ ಉಸಿರಿಗಾಗಿ ಒದ್ದಾಡಿ ಹೋದ ಕೂಸು. ಕುಣಿಯ ಬಳಿ ಬೋಧಕರು ವಾಕ್ಯ ಓದುತ್ತಿರುವಾಗಲೇ ಅವನು ಆಕಾಶಕ್ಕೆ ಮುಖವೆತ್ತಿ, "ನನ್ನ ಕೂಸು ಉಸಿರಿಲ್ಲದ ಒದ್ದಾಡೂ ಮುಂದ ನೀ ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದು ಚೀರಿದ್ದ. ಸಭೆಯ ಹಿರಿಯರು ಕಿವಿ ಮುಚ್ಚಿಕೊಂಡರು. ದೇವದೂಷಣೆಯಾಯಿತು, ಮುಂದಿನ ಭಾನುವಾರದೊಳಗೆ ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವಾದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಲ್ಲಿ ಪಾಲಿಲ್ಲ, ಸಭೆಯಲ್ಲಿ ಹೆಸರೂ ಇಲ್ಲ ಎಂದು ಹಿಂದಿನ ದಿನ ಚೀಟಿ ಕಳಿಸಿದ್ದರು. ಮಗಳು ಹೋದ ಮನೆಗೆ ಇವರು ಕಳಿಸಿದ ಸಾಂತ್ವನ ಅದು!

ಅಯ್ಯನವರು ಸತ್ಯವೇದದೊಳಗಿಂದ ಇಣುಕುತ್ತಿದ್ದ ಆ ಚೀಟಿ ತೆಗೆದು ಓದಿದರು. ಅವರ ಕಿವಿಗಳು ಕೆಂಪಾದವು.

"ಇದನ್ನ ಬರದವರ ಕೈ ಸೇದಿ ಹೋಗಲಿಲ್ಲೇನು?" ಎಂದು ಗುಡುಗಿ ಚೀಟಿಯನ್ನು ಮುದ್ದೆ ಮಾಡಿ ಎಸೆದರು. ಆಮೇಲೆ ಎಜ್ರಪ್ಪನ ಕಡೆ ತಿರುಗಿ ಅಷ್ಟೇ ಗಟ್ಟಿಯಾಗಿ, "ನೀನೂ ಮೂರ್ಖ. ಕುಂದ್ರು! ಹೂಳೂ ಮುಂದ ಯಾವ ಅಧ್ಯಾಯ ಓದ್ತಾರ?" ಎಂದು ಕೇಳಿದರು.

ಅದನ್ನು ಅವನು ನಿದ್ದೆಯಲ್ಲೂ ಹೇಳಬಲ್ಲ. "ಯೋಹಾನ, ಹನ್ನೊಂದು. ಲಾಜರ ಸತ್ತದ್ದು. 'ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ.' ಅಲ್ಲಿಗೆ ಆಮೆನ್ ಅಂತಾರ್ರಿ."

"ಮುಂದ?"

"ಮುಂದ ಏನೈತಿ ನನಗೇನ ಗೊತ್ತು? ಅದು ಹಗ್ಗ ಬಿಡೂ ಹೊತ್ತು."

ಇಪ್ಪತ್ತು ವರ್ಷ ಒಂದೇ ಅಧ್ಯಾಯ, ಅದೂ ಅರ್ಧ! ಬೋಧಕರು ಅಲ್ಲಿಗೆ ನಿಲ್ಲಿಸುವುದು, ಇವನು ಹಗ್ಗ ಬಿಡುವುದು, ಜನ ಮಣ್ಣು ಹಾಕಿ ಮನೆಗೆ ಹೋಗುವುದು. ಕಥೆ ಅಲ್ಲಿಗೇ ಮುಗಿಯಿತೆಂದು ಇಡೀ ಕೇರಿ ನಂಬಿತ್ತು.

"ಮೊದಲಿಂದ ಓದು. ಆಮೆನ್ ಅನ್ನಬ್ಯಾಡ," ಎಂದರು ಅಯ್ಯನವರು.

ಅವನು ಹಲ್ಲು ಕಚ್ಚಿ ಓದಿದ. ಲಾಜರನ ಅಕ್ಕ ಮಾರ್ಥಳು ಕರ್ತನಿಗೆ ಎದುರಾಗಿ ಬಂದು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದಳು. ಹಿಂದೆಯೇ ಇನ್ನೊಬ್ಬ ಅಕ್ಕ ಮರಿಯಳು ಬಂದಳು, ಅವಳೂ ಅದನ್ನೇ ಅಂದಳು. ಮಾರ್ಥಳ ಮಾತು ಇಷ್ಟು ವರ್ಷ ಕಿವಿಗೆ ಬಿದ್ದು ಹಾಗೇ ಹೋಗಿತ್ತು; ಎರಡನೆಯ ಸಲ ಬಂದಾಗ ಎಜ್ರಪ್ಪನ ಬೆರಳು ಸಾಲಿನ ಮೇಲೆ ನಿಂತಿತು.

"ಇದು ನಾ ಅಂದದ್ದ ಅಲ್ಲೇನ್ರಿ?"

"ಅದ. ಅವರ ಕಡೆ ಕರ್ತ ತಪ್ಪೊಪ್ಪಿಗೆ ಬರೆಸಿಕೊಂಡನೇನು? ಓದು."

ಮರಿಯಳು ಅಳುವುದನ್ನು ಕಂಡು ಕರ್ತನು ಮನಸ್ಸಿನಲ್ಲಿ ನೊಂದುಕೊಂಡನು ಎಂದು ಅವನು ಓದಿದ್ದೇ ತಡ, ಅಯ್ಯನವರು ನೆಲಕ್ಕೆ ಅಂಗೈ ಬಡಿದರು. ಗ್ರೀಕ್ ಪುಸ್ತಕ ತೆರೆದು ಒಂದು ಮಾತಿನ ಮೇಲೆ ಬೆರಳಿಟ್ಟರು.

"ನೊಂದುಕೊಂಡ ಅಂತ ನಮ್ಮವರು ಮೆತ್ತಗ ಮಾಡ್ಯಾರ. ಯೋಹಾನ ಬರೆದದ್ದು ಎನೆಬ್ರಿಮೇಸಾತೊ. ಯುದ್ಧದ ಕುದುರೆ ಮೂಗು ಅರಳಿಸಿ ಬುಸುಗುಡ್ತದಲ್ಲ, ಅದಕ್ಕ ಗ್ರೀಕರು ಹೇಳ್ತಿದ್ದ ಮಾತದು. ಕರ್ತ ಸಿಟ್ಟಾದ, ಎಜ್ರಪ್ಪಾ. ಕುದ್ದು ಹೋದ!"

"ಯಾರ ಮ್ಯಾಲೆ? ಆ ಹೆಣ್ಣಮಕ್ಕಳ ಮ್ಯಾಲೇನ್ರಿ?"

"ಪಂಡಿತರು ಇವತ್ತಿಗೂ ಅದಕ್ಕ ಜಗಳಾಡ್ತಾರ. ನಾ ಹೇಳೂದಿಲ್ಲ. ಸಿಟ್ಟು ಆತನ್ನ ಎಲ್ಲಿಗೆ ಕರಕೊಂಡು ಹೋತು, ನೀನ ನೋಡು."

ಎಜ್ರಪ್ಪ ಓದಿದ. ಕರ್ತನು ಕಣ್ಣೀರು ಬಿಟ್ಟನು. ನಾಲ್ಕು ಸಾಲು ದಾಟಿದ ಮೇಲೆ ಮತ್ತೆ ಅದೇ ಸಿಟ್ಟಿನ ಮಾತು. ಆ ಸಿಟ್ಟಿನಲ್ಲೇ ಕರ್ತನು ಸಮಾಧಿಗೆ ಬಂದನು. ಅದರ ಬಾಯಿಗೆ ಮುಚ್ಚಿದ್ದ ಕಲ್ಲು ತೆಗೆದುಹಾಕಿರಿ ಅಂದನು. ಮಾರ್ಥಳನ್ನು ಬೈಯಲಿಲ್ಲ, ಮರಿಯಳನ್ನು ಗದರಲಿಲ್ಲ. ಆತನು ಎದೆಗೊಟ್ಟು ನಿಂತದ್ದು ಆ ಕಲ್ಲಿಗೆ, ಅದರ ಹಿಂದಿದ್ದ ಸಾವಿಗೆ.

ಒಂದೂವರೆ ತಿಂಗಳಿಂದ ದೇವರ ಎದುರಿಗೆ ಮುಷ್ಟಿ ಬಿಗಿದು ನಿಂತಿದ್ದ ಮನುಷ್ಯನಿಗೆ, ದೇವರು ತನ್ನ ಎದುರಿಗಿಲ್ಲ, ಪಕ್ಕದಲ್ಲಿದ್ದಾನೆ, ತನಗಿಂತ ಹೆಚ್ಚು ಕುದಿಯುತ್ತಿದ್ದಾನೆ ಎಂದು ಆಗ ತಿಳಿಯಿತು. ಅವನು ಪುಸ್ತಕದ ಮೇಲೆ ಬಿದ್ದು ಎತ್ತಿನಂತೆ ಗೋಳಿಟ್ಟ. ಅಯ್ಯನವರು ಅವನ ಬೆನ್ನ ಮೇಲೆ ಕೈಯಿಟ್ಟು ತಾವೂ ಅತ್ತರು.

ಭಾನುವಾರ ಕರ್ತನ ಭೋಜನದ ಹೊತ್ತಿಗೆ ಎಜ್ರಪ್ಪ ಎದ್ದು ಮುಂದೆ ಬಂದ. ಸಭೆಯ ಮುಖ್ಯ ಹಿರಿಯರಾದ ದೇವಪ್ರಿಯಪ್ಪನವರು ಅಡ್ಡ ನಿಂತು ಕೈ ಚಾಚಿದರು.

"ಎಲ್ಲೈತಿ ತಪ್ಪೊಪ್ಪಿಗೆ?"

ಎಜ್ರಪ್ಪ ಸತ್ಯವೇದ ತೆರೆದ. ಕುಣಿಯ ಬಳಿ ಎಂದೂ ಯಾರೂ ಓದದ ಆ ಉಳಿದರ್ಧವನ್ನು ಗಟ್ಟಿಯಾಗಿ ಓದಿದ. ಗ್ರೀಕ್ ಮಾತಿನ ಅರ್ಥವನ್ನೂ ಹೇಳಿದ. ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು. ಬೋಧಕರು ತಲೆ ತಗ್ಗಿಸಿದರು.

"ಓದಿದ್ದು ಆತು," ಎಂದರು ದೇವಪ್ರಿಯಪ್ಪನವರು, ದನಿ ಸ್ವಲ್ಪ ಇಳಿದಿತ್ತು. "ಬರೆದದ್ದು ಎಲ್ಲಿ?"

ಎಜ್ರಪ್ಪ ರೊಟ್ಟಿ ಮತ್ತು ಪಾತ್ರೆ ಇಟ್ಟಿದ್ದ ಮೇಜಿನ ಕಡೆ ಕೈ ತೋರಿಸಿದ.

"ಸಮಾಧಿ ಮುಂದ ಆತನೂ ಸಿಟ್ಟಾಗ್ಯಾನ್ರಿ ಹಿರಿಯರ. ಮೊದಲು ಆತನ ಕಡೆ ಬರೆಸಿಕೊಂಡು ಬರ್ರಿ. ಆಮ್ಯಾಲೆ ನಾ ಬರೀತೀನಿ."

ಅಷ್ಟು ಹೇಳಿ ಅವನು ಮೇಜಿನ ಮುಂದೆ ಮೊಣಕಾಲೂರಿದ. ಬೋಧಕರು ಯಾರ ಮುಖವನ್ನೂ ನೋಡದೆ ರೊಟ್ಟಿ ಮುರಿದು ಮೊದಲು ಅವನ ಕೈಗೇ ಇಟ್ಟರು.