ಹಿಂಡಿದ ಕೂಗು

"ಗುರುಗಳೇ, ಕಂಡದ್ದನ್ನೆಲ್ಲ ಜನರಿಗೆ ಹೇಳುತ್ತ ಬಂದೆ. ನನ್ನ ಮೈಯಲ್ಲಿ ತ್ರಾಣ ಉಳಿದಿಲ್ಲ, ಅವರಿಗೆ ಕೇಳುವ ಕಿವಿ ಉಳಿದಿಲ್ಲ. ಇನ್ನು ಹೇಗೆ ಹೇಳಲಿ?" ಎಂದು ಶಿಷ್ಯ ಕೇಳಿದ.

"ಒಂದು ಕತೆ ಹೇಳುತ್ತೇನೆ, ಹೂಂಗುಡುತ್ತಿರು" ಎಂದರು ಗುರು.

"ಹೂಂ."

ಮೋಡ ಯಾವುದು, ಗುಡ್ಡ ಯಾವುದು ಎಂದು ತಿಳಿಯದಂಥ ಒಂದು ಸೀಮೆ. ಅಲ್ಲೊಂದು ಹೊಳೆ, ಹೊಳೆಯ ಕೆಳದಂಡೆಗೆ ಒಂದು ಊರು. ಮಳೆಗಾಲದಲ್ಲಿ ಹೊಳೆ ಹೇಳದೆ ಕೇಳದೆ ಉಕ್ಕುತ್ತಿತ್ತು. ಅದಕ್ಕೆ ಊರಗೌಡ ಹೊಳೆಯುದ್ದಕ್ಕೂ ಐದು ಗುಡ್ಡಗಳ ಮೇಲೆ ಐದು ಜನರನ್ನು ಕಾವಲು ಕೂರಿಸಿದ. ಗಳಿಗೆಗೊಮ್ಮೆ ಮೇಲಿನ ಗುಡ್ಡದವನು ನೀರು ನೋಡಿ ಕೂಗಬೇಕು. ಕೆಳಗಿನವನು ಆ ಕೂಗನ್ನು ಹಾಗೇ ಕೂಗಿ, ತನ್ನದೊಂದನ್ನು ಸೇರಿಸಬೇಕು. ಹೀಗೆ ಎಲ್ಲರ ಕೂಗೂ ಇಳಿದಿಳಿದು ಊರು ಮುಟ್ಟಬೇಕು.

"ಹೂಂ, ಹೂಂ" ಎಂದ ಶಿಷ್ಯ. ಅವನ ಕಣ್ಣು ಅರ್ಧ ಮುಚ್ಚಿತ್ತು.

ಐದನೆಯ ಗುಡ್ಡ ಊರಿಗೆ ಹತ್ತಿರದ್ದು. ಅಲ್ಲಿ ಕೂತವಳು ಒಬ್ಬ ಮಡಿವಾಳಗಿತ್ತಿ. ಅವಳ ಮಗಳು ಹಸಿ ಬಾಣಂತಿ, ಕೂಸನ್ನು ಮಗ್ಗುಲಲ್ಲಿಟ್ಟುಕೊಂಡು ಹೊಳೆದಂಡೆಯ ಗುಡಿಸಲಲ್ಲೇ ಮಲಗಿದ್ದಳು.

ಹಗಲೆಲ್ಲ ಮಂಜಿನೊಳಗಿಂದ ಕೂಗು ತೇಲಿ ಬರುತ್ತಿತ್ತು. "ಕೂ... ನೀರು ಕಣಕಾಲು. ಕೂ... ಇಲ್ಲೂ ಕಣಕಾಲು." ಹೊಳೆಯೇ ನಿದ್ದೆಯಲ್ಲಿ ಕನವರಿಸಿದ ಹಾಗೆ. ಊರವರು ಅದನ್ನು ಜೋಗುಳದಂತೆ ಕೇಳುತ್ತ ತೂಕಡಿಸುತ್ತಿದ್ದರು. ಮೇಲಿನವನಿಗೆ ಒಂದು ಕೂಗಾದರೆ ಮಡಿವಾಳಗಿತ್ತಿಗೆ ಐದು. ಹತ್ತು ದಿನಕ್ಕೆ ಅವಳ ಗಂಟಲು ಬಿರುಕು ಬಿಟ್ಟ ಕೊಳಲಾಯಿತು. ಹೊಳೆ ಬರುವ ಮೊದಲೇ ದನಿ ಹೋಗಿಬಿಟ್ಟರೆ ಮಗಳನ್ನು ಎಬ್ಬಿಸುವವರು ಯಾರು? ಆ ಚಿಂತೆಗೆ ಗಂಜಿಯೂ ಸೇರದಾಯಿತು.

"ಹೂಂ."

ಒಂದು ಮಧ್ಯಾಹ್ನ ಕೂತಲ್ಲೇ ಅವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಹೊಳೆಯಿಂದ ಬಟ್ಟೆಗಂಟು ಹೊತ್ತು ಬರುತ್ತಿದ್ದಳು. ಹೆಜ್ಜೆ ಹೆಜ್ಜೆಗೂ ಗಂಟು ಭಾರವಾಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಬಟ್ಟೆ ಇಲ್ಲ, ಬರೀ ಕೂಗುಗಳು, ನೀರು ಸೋರಿಸುತ್ತ ಮಲಗಿವೆ. ಸತ್ತುಹೋದ ಅತ್ತೆ ಬಂಡೆಯ ಮೇಲೆ ಕೂತು ನಗುತ್ತಿದ್ದಳು: "ಹಿಂಡದೆ ಹೊತ್ತಿದ್ದೀಯಲ್ಲೇ ಹುಚ್ಚಿ! ಇದನ್ನೂ ನಾನೇ ಬಂದು ಹೇಳಬೇಕಾ?"

ಎಚ್ಚರವಾದವಳೇ ಮೇಲಿನ ಗುಡ್ಡಗಳಿಗೆ ಕೂಗಿದಳು: "ಹಿಂಡಿ ಕಳಿಸ್ರಪ್ಪೋ! ನೀರು ಇದ್ದಷ್ಟೇ ಇದ್ದರೆ ಸುಮ್ಮನಿರಿ. ಏರಿದರೆ ಮಾತ್ರ ಎಲ್ಲರದೂ ಸೇರಿ ಒಂದೇ ಕೂಗು. ಜೀವ ಇದೆ ಅನ್ನೋಕೆ ಬೆಳಿಗ್ಗೆ ಒಂದು 'ಕೂ' ಸಾಕು."

ಗುಡ್ಡಗಳು ಸುಮ್ಮನಾದವು. ಜೋಗುಳ ನಿಂತು ನಿದ್ದೆಗೆಟ್ಟ ಗೌಡ ಏದುಸಿರು ಬಿಡುತ್ತ ಮೇಲೆ ಬಂದ.

"ಏನವ್ವಾ, ನಾಲ್ಕು ಜನರ ಮಾತು ನುಂಗಿ ಕೂತಿದ್ದೀಯಾ?"

"ನುಂಗಿಲ್ಲ ಗೌಡ್ರೇ, ಹಿಂಡಿದೀನಿ. ಹೊಳೆ ನೀರನ್ನ ಹೊಳೇಲೇ ಬಿಟ್ಟು ಬಟ್ಟೆ ತರೋದು ನಮ್ಮ ಕಸುಬು. ಜೋಗುಳ ಬೇಕಾದರೆ ಗೌಡ್ತಿಯವರನ್ನ ಕೇಳಿ."

ಗೌಡ ಗೊಣಗಿಕೊಂಡು ಇಳಿದುಹೋದ. ಆದರೆ ಅಂದಿನಿಂದ ಊರಿನ ಕಿವಿ ತಾನಾಗಿಯೇ ಗುಡ್ಡದ ಕಡೆ ತಿರುಗಿಕೊಂಡಿತು.

"ಹೂಂ."

ಎಂಟು ದಿನ ಬೆಳಗಿನ ಒಂದು 'ಕೂ' ಬಿಟ್ಟರೆ ಏನೂ ಇಲ್ಲ. ಒಂಬತ್ತನೆಯ ದಿನ ಮಂಜಿನೊಳಗಿಂದ ಒಂದೇ ಒಂದು ಕೂಗು ಇಳಿಯಿತು: "ನೀರು ಸೊಂಟ ಮೀರಿ ಏರಿದೆ!" ಮಡಿವಾಳಗಿತ್ತಿ ಅದನ್ನು ಇನ್ನೂ ಒಂದು ಸಲ ಹಿಂಡಿದಳು. ಎಂಟು ದಿನ ಕೂಡಿಟ್ಟ ದನಿಯನ್ನೆಲ್ಲ ಒಟ್ಟುಮಾಡಿ ಊರಿನ ಕಡೆಗೆ ಎಸೆದಳು:

"ಏರಿ!"

ಗುರು ತುಸು ತಡೆದರು. ಹೂಂ ಬರಲಿಲ್ಲ. ಶಿಷ್ಯನ ಕಣ್ಣು ಪೂರಾ ತೆರೆದಿತ್ತು.

ಏನು, ಎತ್ತ ಎಂದು ಯಾರೂ ಕೇಳಲಿಲ್ಲ. ಊರು ಎದ್ದು ಗುಡ್ಡ ಏರಿತು. ಬಾಣಂತಿಯನ್ನು ನಾಲ್ಕು ಜನ ಕಂಬಳಿಯಲ್ಲಿ ಹೊತ್ತು ತಂದರು. ಕೂಸನ್ನು ಎದೆಗವಚಿಕೊಂಡು ಎಲ್ಲರಿಗಿಂತ ಕೊನೆಗೆ ಬಂದವನು ಗೌಡ. ಕೆಳಗೆ ಗುಡಿಸಲಿನ ಸೂರು ತೇಲಿಹೋಗುತ್ತಿತ್ತು. ಮಡಿವಾಳಗಿತ್ತಿ ಕೂಸನ್ನು ಮಡಿಲಿಗೆ ತೆಗೆದುಕೊಂಡು ಮುದ್ದಿನಿಂದ ಕರೆಯಲು ಬಾಯಿ ತೆರೆದಳು. ದನಿ ಇರಲಿಲ್ಲ. ಇದ್ದದ್ದಷ್ಟೂ ಆ ಒಂದು ಮಾತಿಗೆ ಹೋಗಿತ್ತು. ಕೂಸು ಮಾತ್ರ ಜೋರಾಗಿ ಅತ್ತಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಗುರುಗಳೇ, ನನ್ನ ಪ್ರಶ್ನೆಗೆ ಉತ್ತರ?" ಎಂದ.

"ನೀನು ಹೂಂ ಅನ್ನುವುದನ್ನು ಎಲ್ಲಿ ಮರೆತೆಯೋ, ಅಲ್ಲಿದೆ" ಎಂದರು ಗುರು.

ಶಿಷ್ಯ ಹೂಂ ಎನ್ನಲಿಲ್ಲ.