ದಫೇದಾರ ತೋರಿಸಿದ ದಾರಿ

ನಗುವುದಾದರೆ ಬೇಗ ನಕ್ಕುಬಿಡಿ, ಕೊನೆಗೆ ಮನಸ್ಸಾಗುವುದಿಲ್ಲ. ಆ ಊರಿನ ಕೋರ್ಟಿನಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಬೇಕಿತ್ತು. ಅಂದು ರೇಷ್ಮೆ ಕಾರ್ಖಾನೆಯ ಚೆನ್ನವೀರಮ್ಮನ ಕೇಸು. ಗಂಡಸರಷ್ಟೇ ದುಡಿಯುತ್ತೇನೆ, ಅಷ್ಟೇ ಸಂಬಳ ಕೊಡಿಸಿ ಎಂದು ಸಂವಿಧಾನ ಹಿಡಿದು ಬಂದಿದ್ದಳು. ವಾದದ ನಡುವೆ ಅವಳ ವಕೀಲೆ ಪರಿಮಳಾ ಸ್ವಲ್ಪ ಬಿಡುವು ಕೇಳಿದರು.

ಜಡ್ಜರು ಕನ್ನಡಕ ಏರಿಸಿದರು. "ಏನಮ್ಮಾ, ಸಮಾನತೆ ಬೇಕು, ರಿಯಾಯಿತಿಯೂ ಬೇಕಾ? ಎದ್ದು ಹೋದರೆ ಕೇಸು ವಜಾ!"

ಪರಿಮಳಾ ಕಾಲು ಬದಲಿಸುತ್ತ ವಾದ ಮುಂದುವರಿಸಿದರು. ಬಾಗಿಲಲ್ಲಿದ್ದ ದಫೇದಾರ ಅದನ್ನು ನೋಡಿದ. ಮೆಲ್ಲಗೆ ಹೋಗಿ ಜಡ್ಜರ ಶೌಚಾಲಯಕ್ಕೆ ಬೀಗ ಜಡಿದು ಬಂದ.

ಕೊನೆಗೆ ಜಡ್ಜರೂ ಎದ್ದರು.

"ಒಳಗೆ ಪೈಪು ಒಡೆದಿದೆ ಸ್ವಾಮಿ, ಬೇರೆ ಕಡೆ ಬನ್ನಿ."

ದಫೇದಾರ ಮುಂದೆ, ಜಡ್ಜರು ಹಿಂದೆ. ಕೋರ್ಟಿನ ಪದ್ಧತಿಯೇ ಅದು. "ದಾರಿ ಬಿಡಿ!" ಎಂದು ಕೂಗುತ್ತ ಅವನು ಅಂಗಳ ದಾಟಿದ, ಗೇಟೂ ದಾಟಿದ. ಆಟೋದವರು ಎದ್ದು ಕೈಮುಗಿದರು.

"ಎಲ್ಲಿಗಯ್ಯಾ?"

"ಬಸ್ ಸ್ಟ್ಯಾಂಡಿಗೆ ಸ್ವಾಮಿ. ವಕೀಲಮ್ಮನವರೂ ಅಲ್ಲಿಗೇ ಹೋಗೋದು. ತಮಗೆ ರಿಯಾಯಿತಿ ಕೊಟ್ಟರೆ ತಪ್ಪಾದೀತು."

ಜಡ್ಜರ ಮುಖ ಕೆಂಪೇರಿತು. ಆದರೆ ಕೋಪ ಮಾಡಲೂ ಪುರುಸೊತ್ತಿರಲಿಲ್ಲ. ಗೌನು ಎತ್ತಿಕೊಂಡು ಓಡಿದರು. ಹಿಂದಿರುಗಿದವರೇ ಪರಿಮಳಾಗೆ ಬಿಡುವು ಕೊಟ್ಟರು, ಹೆಂಗಸರಿಗೆ ಶೌಚಾಲಯ ಕಟ್ಟಿಸಿದರು, ಚೆನ್ನವೀರಮ್ಮನ ಪರ ತೀರ್ಪನ್ನೂ ಬರೆದರು.

ಕಾರ್ಖಾನೆಯವರು ಮೇಲಿನ ಕೋರ್ಟಿಗೆ ಹೋದರು. ವರ್ಷಗಳು ಉರುಳಿದವು. ಒಮ್ಮೆ ಸಂತೆಯಲ್ಲಿ ಸಿಕ್ಕ ಚೆನ್ನವೀರಮ್ಮನ ಕೂದಲೆಲ್ಲ ಬೆಳ್ಳಗಾಗಿತ್ತು.

"ಏನಾಯ್ತಮ್ಮಾ ಕೇಸು?" ಎಂದ ದಫೇದಾರ.

"ನಡೀತಾ ಇದೆ ಅಣ್ಣಾ. ಮಗಳೂ ಈಗ ಅಲ್ಲೇ ಕೆಲಸಕ್ಕೆ ಸೇರಿದ್ದಾಳೆ. ಅದೇ ಹೆಂಗಸರ ಸಂಬಳಕ್ಕೆ."