ಮೇಯರನ್ನು ಅಧ್ಯಕ್ಷನೆಂದು ಕರೆದ ವ್ಯಾಪಾರಿ

"ಗುರುಗಳೇ, ಸ್ಪ್ಯಾನಿಷ್ ಭಾಷೆಯ ಪದವಿಗಳೆಲ್ಲ ಬಾಯಿಗೆ ಬಂದವು. ಅಲ್ಕಾಲ್ದೆ ಎಂದರೆ ಊರಿನ ಮೇಯರ್, ಮಿನಿಸ್ತ್ರೊ ಎಂದರೆ ಮಂತ್ರಿ, ಪ್ರೆಸಿದೆಂತೆ ಎಂದರೆ ದೇಶದ ಅಧ್ಯಕ್ಷ. ಆದರೆ ಇಷ್ಟೊಂದು ಯಾಕೆ ಬೇಕು? ನಮ್ಮಲ್ಲಿ ಪೇದೆಯನ್ನು ಇನ್‌ಸ್ಪೆಕ್ಟರ್ ಸಾಹೇಬರೇ ಅಂದರೆ ಕೆಲಸ ಬೇಗ ಆಗುತ್ತದೆ. ಅಲ್ಲಿಯೂ ಎಲ್ಲರನ್ನೂ ಪ್ರೆಸಿದೆಂತೆ ಅಂದುಬಿಟ್ಟರೆ ಸಾಲದೆ?"

ಪಂಪಾಪತಿ ಒಂದೇ ಉಸಿರಿನಲ್ಲಿ ಕೇಳಿದ. ಮರುದಿನ ಅವನು ಆ ಭಾಷೆಯಾಡುವ ದೇಶವೊಂದಕ್ಕೆ ಹೊರಡುವವನಿದ್ದ. ಗುರುಗಳು ಹೇಳಿದರು:

ಒಬ್ಬ ಮೆಣಸಿನ ವ್ಯಾಪಾರಿ ನಿನ್ನಂತೆಯೇ ಹುರುಪಿನಿಂದ ಈ ಪದಗಳನ್ನು ಕಲಿತು, ತಮ್ಮನೊಡನೆ ಅಲ್ಲಿನ ಬಂದರಿಗೆ ಹೋದ. ಪರವಾನಗಿ ಇಲ್ಲದೆ ಸರಕು ಇಳಿಸಿದನೆಂದು ತಮ್ಮನನ್ನು ಹಿಡಿದು ಕೂಡಿಹಾಕಿದರು. ತಮ್ಮನಿಗೆ ಜ್ವರ ಏರಿತ್ತು. ಮೇಯರ್ ಒಂದು ಮಾತು ಹೇಳಿದರೆ ಬಿಡುತ್ತಾರೆಂದು ತಿಳಿದು ವ್ಯಾಪಾರಿ ಕಚೇರಿಗೆ ಓಡಿದ.

ಬಾಗಿಲ ಕಾವಲುಗಾರನನ್ನು ಅಲ್ಕಾಲ್ದೆ ಎಂದ. ಅವನು ನಕ್ಕು ಒಳಗೆ ಬಿಟ್ಟ. ಗುಮಾಸ್ತನನ್ನು ಮಿನಿಸ್ತ್ರೊ ಎಂದ. ಅವನು ಮೀಸೆ ನೇವರಿಸಿಕೊಂಡು, ಸಾಲಿನಲ್ಲಿದ್ದವರನ್ನು ಬಿಟ್ಟು ಇವನನ್ನೇ ಮುಂದೆ ಕರೆದ. ವ್ಯಾಪಾರಿಗೆ ಹಿಗ್ಗು ತಡೆಯಲಾಗಲಿಲ್ಲ. ತಮ್ಮನ ಬಿಡುಗಡೆ ಆದಂತೆಯೇ ಎಂದುಕೊಂಡ. ಮೇಯರ್ ಎದುರು ಕೈಮುಗಿದು, ಪ್ರೆಸಿದೆಂತೆ ಎಂದು ಕರೆದು, ತಮ್ಮನನ್ನು ಬಿಡಿಸಿಕೊಡಬೇಕೆಂದು ಬೇಡಿದ.

ಮೇಯರ್ ಕೇಳಿದ: "ನಿನ್ನ ಬಿನ್ನಹ ಅಧ್ಯಕ್ಷರಿಗೋ, ನನಗೋ?"

ವ್ಯಾಪಾರಿ ಅದನ್ನು ವಿನಯವೆಂದು ತಿಳಿದ. "ಅಧ್ಯಕ್ಷರಿಗೇ ಸ್ವಾಮಿ. ಬೇರೆ ಯಾರಿಂದ ಆದೀತು?"

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಮೇಲಿನವರ ಹೆಸರಿಗೆ ಬಂದ ಬಿನ್ನಹವನ್ನು ಕೆಳಗಿನವರು ಮುಟ್ಟುವಂತಿರಲಿಲ್ಲ. ಮೇಯರ್ ಅದನ್ನು ರಾಜಧಾನಿಗೆ ಕಳಿಸಿದ. ವ್ಯಾಪಾರಿ ತನ್ನ ತಪ್ಪು ಅರಿವಾಗಿ ಕಾಲಿಗೆ ಬಿದ್ದ. ಅಲ್ಲಿಂದ ಉತ್ತರ ಬರುವವರೆಗೆ ತನ್ನ ಕೈ ಕಟ್ಟಿದೆ ಎಂದು ಮೇಯರ್ ಮುಖ ತಿರುಗಿಸಿದ.

ಅಧ್ಯಕ್ಷರ ಅಪ್ಪಣೆ ಬಂತು. ಬಿಟ್ಟುಬಿಡಿ ಎಂದೇ ಬಂತು. ಆ ಹೊತ್ತಿಗೆ ಬಿಡಿಸಿಕೊಳ್ಳಲು ತಮ್ಮನೇ ಉಳಿದಿರಲಿಲ್ಲ.

ಪಂಪಾಪತಿಯ ಹುರುಪು ಇನ್ನೂ ಇಳಿದಿರಲಿಲ್ಲ. "ಆದರೂ ಅವನು ಕೊಟ್ಟದ್ದು ಮರ್ಯಾದೆಯಲ್ಲವೆ ಗುರುಗಳೇ? ಅದರಲ್ಲಿ ತಪ್ಪೇನು?"

ಗುರುಗಳು ಹೇಳಿದರು: "ತಮ್ಮನನ್ನು ಬಿಡಬಲ್ಲವನು ಆ ಊರಿನಲ್ಲಿ ಮೇಯರ್ ಒಬ್ಬನೇ ಇದ್ದ, ಅಣ್ಣ ಮರ್ಯಾದೆ ಕೊಟ್ಟು ಅವನನ್ನು ಇಲ್ಲವಾಗಿಸಿದ."